ಸ್ಪ್ಯಾನರ್ ಬಿಟ್ಟು ಕೈ ಮುಗಿದದ್ದು

ಆ ಸೋಮವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ನನಗೆ ಇಷ್ಟವಾದ ಕೆಲಸ ಇದು. ಕೈ ತನ್ನ ಪಾಡಿಗೆ ಕಲ್ಲು ಹುಡುಕುತ್ತಿರುತ್ತದೆ, ಮನಸ್ಸು ದೇವರ ಉಪಕಾರಗಳನ್ನು ಎಣಿಸುತ್ತಿರುತ್ತದೆ. ದೊಡ್ಡ ದೊಡ್ಡ ಉಪಕಾರ ಎಣಿಸುವವಳು ನಾನಲ್ಲ. ಮಿಕ್ಸಿ ಕೆಟ್ಟಿತು, ಆದರೆ ಹಬ್ಬದ ಮಾರನೆಯ ದಿನ ಕೆಟ್ಟಿತು. ಅದು ಒಂದು. ಹಾಲು ಉಕ್ಕಿತು, ಆದರೆ ಅರ್ಧ ಪಾತ್ರೆಯಲ್ಲೇ ಉಳಿಯಿತು. ಅದು ಎರಡು. ಮೂರನೆಯದನ್ನು ಹುಡುಕುತ್ತಿದ್ದಾಗ ನಮ್ಮ ಮನೆಯವರ ಫೋನ್ ಬಂತು.

“ಗಾಡಿ ಎಳಿಯವಲ್ದು. ಗುಡೇಕೋಟೆ ಏರಿನಾಗ ನಿಂತೇಬಿಟ್ಟಿತ್ತು. ಅಲ್ಲಿ ಒಬ್ಬವ ನೋಡಿ, ಎಂಜಿನ್ ಸವೆದು ಹೋಗೈತಿ, ಇದರ ಆಸಿ ಬಿಡ್ರಿ ಅಂದ. ಹೆಂಗೋ ನಿಧಾನಕ್ಕ ಕೊಟ್ಟೂರಿಗೆ ತಂದೀನಿ. ರಹೀಮ್ ಸಾಬರ ಗ್ಯಾರೇಜಿನಾಗ ಅದೀನಿ. ಊಟ ಇಲ್ಲೇ ಕಳಿಸು.”

ನಮ್ಮದೊಂದು ಹಳೆಯ ಪಿಕಪ್ ಗಾಡಿ. ಸಂತೆಯ ದಿನ ಅದರಲ್ಲಿ ಕುರಿ ಹೋಗುತ್ತವೆ, ಉಳಿದ ದಿನ ಶೇಂಗಾ, ಈರುಳ್ಳಿ, ಯಾರದಾದರೂ ಮದುವೆಯ ಪಾತ್ರೆ. ಅದನ್ನು ಓಡಿಸಿಕೊಂಡು ನಮ್ಮವರು ದಿನಾ ಕತ್ತಲಾಗುವ ಹೊತ್ತಿಗೆ ಮನೆಗೆ ಬರುತ್ತಾರೆ. ಅರಸೀಕೆರೆಯ ಲಾರಿ ಮಾಲೀಕರೊಬ್ಬರು ಎರಡು ತಿಂಗಳಿಂದ, “ಆ ಡಬ್ಬಾ ಮಾರಿ ನಮ್ಮ ಲಾರಿಗೆ ಬಾರಪ್ಪಾ” ಎಂದು ಕರೆಯುತ್ತಿದ್ದರು. ಆ ಲಾರಿ ಹತ್ತಿದವರು ಮನೆ ನೋಡುವುದು ಹದಿನೈದು ದಿನಕ್ಕೊಮ್ಮೆ. ಎಂಜಿನ್ ಹೋಗಿದ್ದರೆ ಇವರು ಆ ಲಾರಿ ಹತ್ತುವವರೇ. ಜೋಳ ಅಲ್ಲೇ ಬಿಟ್ಟು ರೊಟ್ಟಿ, ಪಲ್ಯ ಕಟ್ಟಿಕೊಂಡು ನಾನೇ ಹೊರಟೆ.

ಗ್ಯಾರೇಜಿನಲ್ಲಿ ಅವರಿಬ್ಬರ ಹೊರತು ಮತ್ತಾರೂ ಇರಲಿಲ್ಲ. ರಹೀಮ್ ಸಾಬರು ಮೂವತ್ತು ವರ್ಷದಿಂದ ಎಂಜಿನ್ ಬಿಚ್ಚುತ್ತಾ ಬಂದವರು. ಹೊಗೆಯ ಬಣ್ಣ ನೋಡಿ ಕಾಯಿಲೆ ಹೇಳುತ್ತಿದ್ದವರು ಈಗ ಹೊಸದೊಂದು ಮೀಟರು ತರಿಸಿಕೊಂಡಿದ್ದರು. ಅದಕ್ಕೆ ಎರಡು ಮುಳ್ಳು. ನನ್ನ ಮುಖ ನೋಡಿ ತಾವಾಗಿಯೇ ಬಿಡಿಸಿ ಹೇಳಿದರು.

“ಸೈಕಲ್ ಟ್ಯೂಬಿಗೆ ಗಾಳಿ ಹೊಡೆದು ಪಂಚರ್ ನೋಡ್ತಾರಲ್ಲ ಅಕ್ಕಾರ, ಇದೂ ಹಂಗ. ಎಂಜಿನ್ನಿನಾಗ ನಾಕು ಸಿಲಿಂಡರ್ ಅದಾವು. ಒಂದೊಂದರೊಳಗ ಗಾಳಿ ಬಿಡ್ತೀನಿ. ಎಷ್ಟು ಕೊಟ್ಟೆ ಅಂತ ಈ ಮುಳ್ಳು ಹೇಳತೈತಿ, ಎಷ್ಟು ಉಳೀತು ಅಂತ ಆ ಮುಳ್ಳು. ಸೋರಿದ ಗಾಳಿ ಸೈಲೆನ್ಸರಿನಾಗ ಬಂದ್ರ ಹೊಗಿ ಹೊರಗ ಬಿಡೋ ವಾಲ್ ಸುಟ್ಟೈತಿ, ಮ್ಯಾಲಿನ ಹೆಡ್ ಬಿಚ್ಚಿದ್ರ ಸಾಕು. ಆಯಿಲ್ ಹಾಕೋ ಬಾಯಾಗ ಜೋರು ಬಂತು ಅಂದ್ರ ಒಳಗ ಪೂರಾ ಸವೆದೈತಿ. ಆಗ ನಾನೂ ಮಾರ್ರಿ ಅಂತೀನಿ.”

ತೊಂದರೆ ಏನೆಂದರೆ, ಗಾಳಿ ಹೊಕ್ಕ ಕೂಡಲೇ ಎಂಜಿನ್ ತಿರುಗಲು ನೋಡುತ್ತದೆ. ತಿರುಗಿದರೆ ವಾಲ್ ತೆರೆದುಕೊಂಡು ಗಾಳಿಯೆಲ್ಲ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಅದು ಕದಲದ ಹಾಗೆ ಮುಂದಿನ ದೊಡ್ಡ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಒಬ್ಬರು ಒತ್ತಿ ಹಿಡಿಯಬೇಕು. ಸಾಬರು ಮೀಟರಿನ ಹತ್ತಿರ, ನಮ್ಮವರು ಸೈಲೆನ್ಸರಿಗೆ ಕಿವಿ ಕೊಟ್ಟು ನೆಲದ ಮೇಲೆ. ಉಳಿದವಳು ನಾನು.

“ಇಕಿ ಹಿಡೀತಾಳ ಬಿಡ್ರಿ. ರೊಟ್ಟಿ ಬಡಿದ ಕೈ” ಎಂದರು ನಮ್ಮವರು. ಹೊಗಳಿದ್ದೋ ಆಡಿಕೊಂಡಿದ್ದೋ ಯೋಚಿಸಲು ಹೊತ್ತಿರಲಿಲ್ಲ. ಸೆರಗು ಸಿಕ್ಕಿಸಿ ಹಿಡಿದೆ. ಮೊದಲನೆಯದು ನೂರಕ್ಕೆ ಎಂಬತ್ತೈದು ಹಿಡಿಯಿತು. ಎರಡನೆಯದೂ ಹೆಚ್ಚು ಕಡಿಮೆ ಅಷ್ಟೇ. ನನಗೆ ನನ್ನ ಮೇಲೇ ಅಭಿಮಾನ ಬಂತು, ಆ ಗಾಳಿಯನ್ನು ನಾನೇ ಹಿಡಿದು ನಿಲ್ಲಿಸಿದ್ದೇನೆ ಅನ್ನುವಂತೆ.

ಮೂರನೆಯದಕ್ಕೆ ಪೈಪು ಹಾಕಿ ಸಾಬರು, “ನನಗ ಡೌಟ್ ಇರೋದು ಇದರ ಮ್ಯಾಲೇ. ನಾ ನಮ್ಮ ದೇವರ ಹೆಸರು ತಗೋತೀನಿ, ನೀವೂ ನಿಮ್ಮ ಬಸಪ್ಪನ್ನ ನೆನಸ್ರಿ ಅಕ್ಕಾರ” ಎಂದು ಗಾಳಿ ಬಿಟ್ಟರು.

ನನ್ನ ಕಷ್ಟ ಇರುವುದು ಇಲ್ಲೇ. ಕೈ ಮುಗಿಯದೆ ದೇವರನ್ನು ನೆನೆಯುವುದು ನನಗೆ ಬರುವುದಿಲ್ಲ. ಎರಡೂ ಒಟ್ಟಿಗೇ ಕಲಿತದ್ದು, ಒಂದು ಹೊರಟರೆ ಇನ್ನೊಂದು ಹಿಂದೆಯೇ ಬರುತ್ತದೆ. ಹಿಂದೊಮ್ಮೆ ಹಡಗಲಿ ಬಸ್ಸಿನಲ್ಲಿ ಸೀಟಿಲ್ಲದೆ ನಿಂತಿದ್ದಾಗ ರಸ್ತೆ ಪಕ್ಕ ಹನುಮಪ್ಪನ ಗುಡಿ ಕಂಡಿತು. ಕಂಬ ಬಿಟ್ಟು ಕೈ ಮುಗಿದೆ. ಡ್ರೈವರ್ ಬ್ರೇಕ್ ಹಾಕಿದ. ನಾನು ಹೋಗಿ ಕೂತದ್ದು ಮಾಗಳದ ಹೆಂಗಸೊಬ್ಬಳ ಬದನೆಕಾಯಿ ಬುಟ್ಟಿಯಲ್ಲಿ. “ದೇವ್ರು ಸೀಟು ಕೊಟ್ಟ ನೋಡವ್ವಾ ನಿನಗ” ಎಂದು ಆಕೆ ಊರು ಬರುವ ತನಕ ಬೈದಳು. ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಬಸಪ್ಪಾ ಎಂದೆ. ಎರಡೂ ಕೈ ಸ್ಪ್ಯಾನರ್ ಬಿಟ್ಟು ಎದೆಯ ಹತ್ತಿರ ಬಂದು ಸೇರಿದವು. ಎಂಜಿನ್ ಗಕ್ಕನೆ ತಿರುಗಿತು. ಸ್ಪ್ಯಾನರ್ ಸುತ್ತಿಕೊಂಡು ಹೋಗಿ ಪಕ್ಕದ ಕಬ್ಬಿಣಕ್ಕೆ ತಾಗಿ ನಿಂತಿತು. ಗಾಳಿ ತುಂಬುವ ಮಷೀನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಕಣ್ಣು ಬಿಟ್ಟವಳೇ ಮತ್ತೆ ಹಿಡಿದುಕೊಂಡೆ. ಅತ್ತ ನಮ್ಮವರು, “ಬಂತು! ಇಲ್ಲಿ ಭುಸ್ಸಂತ ಬಂತು!” ಎಂದು ಕೂಗಿದರು. ಸಾಬರು ಮೀಟರಿಗೆ ಬೆರಳಿನಿಂದ ಬಡಿದರು. ಮುಳ್ಳು ಸೊನ್ನೆಯ ಹತ್ತಿರ ಮಲಗಿತ್ತು.

“ಇಷ್ಟು ಹೋಗಿರ್ತೈತಿ ಅಂತ ತಿಳಿದಿರಲಿಲ್ಲ. ಅಕ್ಕಾರ, ಗಟ್ಟಿ ಹಿಡಿದಿದ್ರೆಲ್ಲ?”

“ಹೂಂ” ಎಂದೆ.

ಸೋಮವಾರ. ಒಪ್ಪತ್ತಿನ ದಿನ. ಹಣೆಯ ಮೇಲೆ ವಿಭೂತಿ ಇನ್ನೂ ಮಾಸಿರಲಿಲ್ಲ. ಆ “ಹೂಂ” ನನ್ನ ಬಾಯಿಂದಲೇ ಬಂತು.

ಸಾಬರು ಮಷೀನು ನಿಲ್ಲಿಸಿದರು. “ಬರೇ ವಾಲ್ ಸುಟ್ಟಿದ್ರ ಸ್ವಲ್ಪರ ನಿಲ್ತಿತ್ತು. ಗಾಳಿ ಒಂದು ಚೂರೂ ನಿಲ್ಲವಲ್ದು ಅಂದ್ರ ಒಳಗ ಏನೋ ಮುರಿದಿರಬೇಕು. ಇಷ್ಟು ಹಳೇ ಗಾಡಿಗೆ ಎಂಜಿನ್ ಇಳಿಸಿ ಮಾಡಿಸ್ರಿ ಅಂತ ಹೇಳಾಕ ನನಗ ಮನಸ್ಸು ಬರಂಗಿಲ್ಲ” ಎಂದರು. ನಮ್ಮವರು ನೆಲದಿಂದ ಎದ್ದರು. ಮೊಣಕಾಲಿನ ಧೂಳು ಝಾಡಿಸಿದರು, ಗಾಡಿಯ ಬಾಗಿಲ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಜೇಬಿನಿಂದ ಫೋನ್ ತೆಗೆದು, “ಅರಸೀಕೆರಿಯವರಿಗೆ ಬರ್ತೀನಿ ಅಂತ ಹೇಳಿಬಿಡ್ತೀನಿ. ಇನ್ನೇನೈತಿ” ಎಂದರು.

ಓದುವವರಿಗೆ ನಿಜ ಹೇಳಬೇಕು. ಆ ಗಳಿಗೆಯಲ್ಲಿ ನಾನು ಯೋಚಿಸುತ್ತಿದ್ದದ್ದು ಗಂಡ ಹದಿನೈದು ದಿನ ಕಣ್ಣಿಗೆ ಬೀಳುವುದಿಲ್ಲ ಎಂದಲ್ಲ. ಈಗ ಹೇಳಿದರೆ ಸಾಬರ ಮುಂದೆ ಪೆದ್ದಿ ಅನ್ನಿಸಿಕೊಳ್ಳುತ್ತೇನಲ್ಲ ಎಂದು. ಇವರು ಹೆಸರು ಹುಡುಕುತ್ತಾ ಹೆಬ್ಬೆರಳಿನಿಂದ ಫೋನ್ ಸರಿಸುತ್ತಿದ್ದರು. ಕನ್ನಡಕ ಮನೆಯಲ್ಲೇ ಉಳಿದಿತ್ತು, ಹೆಸರು ಬೇಗ ಸಿಗಲಿಲ್ಲ. ಆ ದಿನದ ಮೂರನೆಯ ಉಪಕಾರ ಅದೇ.

“ತಡೀರಿ” ಎಂದೆ. “ನಾ ಕೈ ಬಿಟ್ಟಿದ್ದೆ.”

“ಏನು ಬಿಟ್ಟಿದ್ದಿ?”

“ಸ್ಪ್ಯಾನರ್. ದೇವರಿಗೆ ಕೈ ಮುಗಿಯಾಕ.”

ಇಬ್ಬರೂ ನನ್ನನ್ನೇ ನೋಡಿದರು. ಮೊದಲು ಬೈದವರು ಸಾಬರೇ. “ಅಲ್ರಿ ಅಕ್ಕಾರ, ಆ ಸ್ಪ್ಯಾನರ್ ಮೊಣಕೈಗೆ ಬಡಿದಿದ್ರ ಆರು ತಿಂಗಳು ಕೈ ಮುಗಿಯಾಕೂ ಆಗ್ತಿರಲಿಲ್ಲ! ನೆನಸ್ರಿ ಅಂದ್ರ ಮನಸಿನಾಗ ನೆನಸಬೇಕ್ರಿ!” ನಮ್ಮವರು ಫೋನ್ ಜೇಬಿಗೆ ಹಾಕಿಕೊಂಡು, “ಆಗ ಹೂಂ ಅಂದೆಲ್ಲ, ಅದು ಯಾವ ದೇವರಿಗೆ?” ಎಂದರು. ನಗುತ್ತಲೇ ಕೇಳಿದ್ದು. ನನಗೆ ನಗು ಬರಲಿಲ್ಲ.

ಈ ಸಲ ಸ್ಪ್ಯಾನರ್ ಅವರೇ ಹಿಡಿದರು. ನನ್ನನ್ನು ಸೈಲೆನ್ಸರ್ ಹತ್ತಿರ ಕೂರಿಸಿದರು. ಸಾಬರು ಎಂಜಿನ್ನನ್ನು ಮತ್ತೆ ಸರಿಯಾದ ಜಾಗಕ್ಕೆ ತಿರುಗಿಸಿ ಗಾಳಿ ಬಿಟ್ಟು, ಮಷೀನು ನಿಲ್ಲಿಸಿ, “ಕಿವಿ ಕೊಟ್ಟು ಕೇಳ್ರಿ” ಎಂದರು. ಕುಕ್ಕರ್ ಕೂಗುವ ಮೊದಲು ಸಣ್ಣಗೆ ಸುಂಯ್ ಎನ್ನುತ್ತದಲ್ಲ, ಅಂಥ ಸದ್ದು ಬರುತ್ತಿತ್ತು. ಆಯಿಲ್ ಬಾಯಿಗೂ ಕಿವಿ ಇಟ್ಟೆ. ಅಲ್ಲಿ ಮಲಗಿದ ಮಗುವಿನ ಉಸಿರಿನಷ್ಟೇ. ಮುಳ್ಳು ಅರವತ್ತರಲ್ಲಿ ನಿಂತಿತ್ತು. ನಾಲ್ಕನೆಯದು ಚೆನ್ನಾಗಿಯೇ ಇತ್ತು.

“ವಾಲ್ ಸುಟ್ಟೈತಿ, ಅಷ್ಟೇ. ಹೆಡ್ ಬಿಚ್ಚಿ ಸರಿ ಮಾಡ್ತೀನಿ. ಎಂಜಿನ್ ಇನ್ನೂ ಎರಡ್ಮೂರು ವರ್ಷ ಓಡತೈತಿ.”

“ಉಳಿದವೂ ನೂರಕ್ಕ ಎಂಬತ್ತೈದೇ ಅಲ್ರಿ ಅಣ್ಣಾರ?” ಎಂದೆ.

“ಹೊಸ ಗಾಡಿನೂ ನೂರಕ್ಕ ನೂರು ಹಿಡಿಯಂಗಿಲ್ಲ ಅಕ್ಕಾರ. ಸೋರೋದು ಎಲ್ಲಾ ಸೋರತಾವು. ಎಷ್ಟು, ಎಲ್ಲಿಂದ, ಅದು ತಿಳಿದ್ರ ಆಯ್ತು.”

ಆ ಮಾತು ಹಿಡಿದುಕೊಂಡೇ ಮನೆಗೆ ನಡೆದೆ. ದಿನಕ್ಕೆ ನೂರು ಸಲ ದೇವರ ಹೆಸರು ಹೇಳುತ್ತೇನೆ. ನನ್ನಲ್ಲಿ ಎಷ್ಟು ನಿಲ್ಲುತ್ತದೆ ಎಂದು ಯಾವ ಮುಳ್ಳೂ ತೋರಿಸಿರಲಿಲ್ಲ. ಸೋರುವುದಾದರೆ ಬಾಯಿಂದಲೇ ಎಂದು ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಈಗ ನೋಡಿದರೆ ಬಾಯಿ ಬಿಡಲೇಬೇಕಾದ ಒಂದೇ ಒಂದು ಹೊತ್ತಿನಲ್ಲಿ ಅದು ಗಾಳಿ ಹೋಗದಷ್ಟು ಬಿಗಿಯಾಗಿ ಮುಚ್ಚಿತ್ತು. ನನ್ನದು ಬೇರೆಲ್ಲಿಂದಲೋ ಸೋರುತ್ತಿದೆ. ಯಾವ ಕಡೆ ಕಿವಿ ಇಡಬೇಕೋ ಇನ್ನೂ ತಿಳಿದಿಲ್ಲ.

ದೇವರ ಮನೆಯ ಮುಂದೆ ಕೂತು ಇದನ್ನೆಲ್ಲ ಹೇಳಿಕೊಳ್ಳೋಣ ಎಂದು ಬಾಗಿಲು ತೆಗೆದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ, “ಅಕ್ಕಾ, ನಳ ಬಂದಾವು, ಲಗೂ ಬಾ!” ಎಂದು ಕೂಗಿದಳು. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ದೇವರಿಗೆ ತಡಿ ಎಂದು ಹೇಳಿ ಹಿತ್ತಲಿಗೆ ಓಡಿದೆ, ಎರಡೂ ಕೈಯಲ್ಲಿ ಪೈಪು ಹಿಡಿದು ಡ್ರಮ್ಮು ತುಂಬಿಸಲು ನಿಂತೆ.