ನೂರಕ್ಕೆ ಎಪ್ಪತ್ತೆಂಟು

ಕೊಯ್ಲು ಮುಗಿದು ಚಳಿ ಇಳಿಯುತ್ತಿದ್ದ ಕಾಲ. ಧಾನ್ಯ ಹೊತ್ತ ಟ್ರಾಕ್ಟರುಗಳು ಬೆಳಗಿನಿಂದಲೇ ಧೂಳೆಬ್ಬಿಸಿಕೊಂಡು ಸಾಗುತ್ತಿದ್ದವು. ರಸ್ತೆಯ ತಿರುವಿನಲ್ಲಿ ಪಂಕ್ಚರಣ್ಣ ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಬೆನ್ನ ಹಿಂದೆ ಅವನ ಕಂಪ್ರೆಸರ್, ಕೆಮ್ಮು ಹಿಡಿದ ಅಜ್ಜನಂತೆ ಗೊರಗುಡುತ್ತಿತ್ತು.

ಕಣ್ಣು ಗುಳ್ಳೆಯ ಮೇಲಿದ್ದರೂ ಮನಸ್ಸು ಎದುರಂಗಡಿಯ ಮೇಲಿತ್ತು. ಅವನ ಹೆಂಡತಿಯ ತಮ್ಮನೇ ವಾರದ ಹಿಂದೆ ಅಲ್ಲಿ ಟೈರಿನಂಗಡಿ ತೆರೆದು, ಆಳೆತ್ತರದ ಸಿಲಿಂಡರ್ ನಿಲ್ಲಿಸಿ, ‘ನೈಟ್ರೋಜನ್ ತುಂಬಲಾಗುವುದು’ ಎಂದು ಬೋರ್ಡು ಹಾಕಿದ್ದ. ತುಂಬಿಸಿಕೊಂಡವರ ಚಕ್ರಕ್ಕೆ ಒಂದೊಂದು ಹಸಿರು ಮುಚ್ಚಳ. ಆ ಮುಚ್ಚಳವಿಲ್ಲದ ಗಾಡಿಯನ್ನು ಜನ ಈಗ ಅಂಗಿಯ ಗುಂಡಿ ಬಿಚ್ಚಿಕೊಂಡು ಬಂದವನನ್ನು ನೋಡುವಂತೆ ನೋಡುತ್ತಿದ್ದರು.

ಪಂಕ್ಚರಣ್ಣನಿಗೆ ಉಳಿದಿದ್ದ ದೊಡ್ಡ ಗಿರಾಕಿಯೆಂದರೆ ಡೈರಿಯ ಹಾಲಿನ ವ್ಯಾನು. ಅದೂ ತಪ್ಪಿದರೆ ಅಂಗಡಿಗೆ ಬೀಗ. ಡ್ರೈವರ್ ನಿನ್ನೆ, “ನಾಳೆ ಸಂಜೆ ಬರ್ತೀನಿ. ಇಲ್ಲೋ ಅಲ್ಲೋ, ಆವಾಗ ನೋಡೋಣ” ಎಂದು ಹೇಳಿ ಹೋಗಿದ್ದ.

ಅಷ್ಟರಲ್ಲಿ ಶಾಲೆಗೆ ಹೊರಟಿದ್ದ ವಿಜ್ಞಾನದ ಮೇಷ್ಟ್ರು ಗಾಳಿ ಇಳಿದ ಸೈಕಲ್ ತಳ್ಳಿಕೊಂಡು ಬಂದರು. ಪಂಕ್ಚರಣ್ಣ ಸಂಕಟ ತೋಡಿಕೊಂಡ.

“ಅಯ್ಯೋ ದಡ್ಡ, ನೀನು ತುಂಬ್ತಿರೋದು ಏನು ಅಂದ್ಕೊಂಡಿದ್ದೀಯ?” ಎಂದರು ಮೇಷ್ಟ್ರು. “ಸಕ್ಕರೆ ನೀರಲ್ಲಿ ಹೆಚ್ಚಿರೋದು ನೀರು, ಅದು ದ್ರಾವಕ. ಕರಗಿರೋ ಸಕ್ಕರೆ ದ್ರಾವ್ಯ. ಗಾಳಿನೂ ಒಂದು ದ್ರಾವಣನೇ. ನೂರಕ್ಕೆ ಎಪ್ಪತ್ತೆಂಟು ಪಾಲು ನೈಟ್ರೋಜನ್, ಅದೇ ದ್ರಾವಕ. ಆಕ್ಸಿಜನ್ ಇಪ್ಪತ್ತೊಂದು, ಆರ್ಗಾನ್ ಗೀರ್ಗಾನ್ ಎಲ್ಲ ಸೇರಿ ಒಂದು. ಅವು ದ್ರಾವ್ಯ.”

“ಅಂದ್ರೆ ಇಪ್ಪತ್ತು ವರ್ಷದಿಂದ ನಾನು ನೈಟ್ರೋಜನ್ನೇ ತುಂಬ್ತಿದ್ದೀನಾ?”

“ಮತ್ತೆ?”

ಪಂಕ್ಚರಣ್ಣನ ಕಣ್ಣು ತುಂಬಿತು. “ಸಂಜೆ ಡ್ರೈವರ್ ಮುಂದೆ ಇದೇ ಮಾತು ಹೇಳಿಬಿಡಿ ಮೇಷ್ಟ್ರೇ. ನಾನು ಬದುಕಿರೋವರೆಗೂ ನಿಮ್ಮ ಸೈಕಲ್ಲಿಗೆ ಗಾಳಿ ಬಿಟ್ಟಿ.”

ಮೇಷ್ಟ್ರು ಒಪ್ಪಿ, ಗಾಳಿ ತುಂಬಿಸಿಕೊಂಡು ಹೋದ ಕೂಡಲೇ ಅವನು ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ನಿಲ್ಲಿಸಿದ: ‘ನೈಟ್ರೋಜನ್ ಇಲ್ಲಿಯೂ ಉಂಟು. ನೂರಕ್ಕೆ ಎಪ್ಪತ್ತೆಂಟು. ಆಕ್ಸಿಜನ್ ಮುಂತಾದ ದ್ರಾವ್ಯಗಳು ಉಚಿತ.’

ಮೊದಲು ಓದಿದವನು ಪಕ್ಕದಂಗಡಿಯ ದರ್ಜಿ. “ಇಪ್ಪತ್ತೆರಡು ಕಮ್ಮಿ ಅಲ್ವೇನೋ? ಆ ಲೆಕ್ಕದಲ್ಲಿ ನಾನು ಹೊಲಿದ್ರೆ ಅಂಗಿಗೆ ಒಂದು ತೋಳು ಇರಲ್ಲ” ಎಂದ. ಒಳಗೆ ಹೋಗಿ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದುಕೊಂಡು ಮತ್ತೆ ಬಂದ. “ನಮ್ಮಪ್ಪನಿಗೆ ಉಬ್ಬಸ. ಆ ಉಚಿತದ್ದು ಮಾತ್ರ ಇದಕ್ಕೆ ಹಾಕ್ಕೊಡು.”

“ಅದನ್ನ ಬೇರೆ ಮಾಡೋಕಾಗಲ್ಲ ಮಾರಾಯ, ಕರಗಿಬಿಟ್ಟಿದೆ.”

“ಕೊಡೋಕಾಗದ್ದನ್ನ ಬರಿಯೋದು ಯಾಕೆ?”

ತರಕಾರಿ ಗಾಡಿಯ ಅಜ್ಜಿಯ ತಕರಾರು ಬೇರೆ. “ಉಚಿತ ಅಂತ ಸಿಕ್ಕಿದ್ದೆಲ್ಲ ನನ್ನ ಚಕ್ರಕ್ಕೆ ತುರುಕಬೇಡ ಮಗ. ನಂಗೆ ಬರೀ ದ್ರಾವಕ ಸಾಕು.” ಅದೂ ಆಗದೆಂದು ತಿಳಿದು ಗಾಡಿ ತಿರುಗಿಸಿಕೊಂಡು ಎದುರಿಗೆ ಹೋದಳು.

ಮಧ್ಯಾಹ್ನ ಭಾವಮೈದುನನೇ ರಸ್ತೆ ದಾಟಿ ಬಂದು, ಕೈ ಕಟ್ಟಿ ನಿಂತು ಓದಿದ. “ಅಕ್ಷರ ದುಂಡಗಿದೆ ಭಾವ. ನಂದು ನೂರಕ್ಕೆ ತೊಂಬತ್ತೈದು ಅಷ್ಟೆ. ಅಕ್ಕ ಊಟ ಮಾಡಿದಳಾ?” ಎಂದು ಕೇಳಿ ಹಿಂತಿರುಗಿದ.

ಸಂಜೆ ಹಾಲಿನ ವ್ಯಾನು ಬಂದು ಎರಡು ಅಂಗಡಿಗಳ ಸರಿನಡುವೆ ನಿಂತಿತು. ಮೇಷ್ಟ್ರು ಕೊಟ್ಟ ಮಾತಿನಂತೆ ಹಾಜರಿದ್ದರು. ದ್ರಾವಕ, ದ್ರಾವ್ಯ, ಸಕ್ಕರೆ ನೀರು ಎಲ್ಲವನ್ನೂ ಮತ್ತೊಮ್ಮೆ ಬಿಡಿಸಿ ಹೇಳಿದರು. ದರ್ಜಿ ಹೊಲಿಗೆ ಬಿಟ್ಟು ಬಂದ, ಅಜ್ಜಿ ಗಾಡಿ ನಿಲ್ಲಿಸಿದಳು. ಡ್ರೈವರ್ ನಿಧಾನವಾಗಿ ತಲೆಯಾಡಿಸಿದ. ಪಂಕ್ಚರಣ್ಣ ಆಗಲೇ ಪೈಪು ಬಿಚ್ಚತೊಡಗಿದ್ದ.

“ಒಂದು ಮಾತು ಮೇಷ್ಟ್ರೇ,” ಎಂದ ಡ್ರೈವರ್. “ಈ ಎಪ್ಪತ್ತೆಂಟು ಪಾಲು ಇವನ ಅಂಗಡಿ ಗಾಳಿಯಲ್ಲಿ ಮಾತ್ರನಾ?”

“ಛೆ, ಎಲ್ಲಾ ಕಡೆ ಅಷ್ಟೇ. ನಿಮ್ಮ ಹಿತ್ತಲಲ್ಲೂ ಅಷ್ಟೇ,” ಎಂದರು ಮೇಷ್ಟ್ರು, ಒಳ್ಳೆಯ ಪ್ರಶ್ನೆ ಕೇಳಿದ ಹುಡುಗನನ್ನು ನೋಡುವ ಪ್ರೀತಿಯಿಂದ.

“ಹಾಗಾದ್ರೆ ಡೈರಿಯಲ್ಲೂ ಅಷ್ಟೇ. ಅಲ್ಲೊಂದು ಕಂಪ್ರೆಸರ್ ಸುಮ್ಮನೆ ಬಿದ್ದಿದೆ.” ಡ್ರೈವರ್ ವ್ಯಾನು ಹತ್ತಿ ಹೊರಟೇಹೋದ. ದರ್ಜಿಗೆ ಅಟ್ಟದ ಮೇಲಿದ್ದ ಕೈಪಂಪು ನೆನಪಾಯಿತು. “ಅದನ್ನ ನಂಗೂ ಕೊಡು ಮಗ” ಎನ್ನುತ್ತ ಅಜ್ಜಿ ಅವನ ಹಿಂದೆಯೇ ನಡೆದಳು.

ಭಾವಮೈದುನ ಬಂದು ಭಾವನ ಬೆಂಚಿನ ತುದಿಯಲ್ಲಿ ಕೂತ. ಇಬ್ಬರೂ ಖಾಲಿ ರಸ್ತೆ ನೋಡಿದರು. ಸುತ್ತಲೂ ನೈಟ್ರೋಜನ್ ತಣ್ಣಗೆ ಬೀಸುತ್ತಿತ್ತು.

“ಭಾವ, ಈ ಮೇಷ್ಟ್ರನ್ನ ಕರೆಸಿದ್ದು ನೀವೇನಾ?”

ಪಂಕ್ಚರಣ್ಣ ಉತ್ತರಿಸುವ ಮೊದಲೇ ಮೇಷ್ಟ್ರು ಸೈಕಲ್ಲನ್ನು ಅವನ ಮುಂದೆ ತಂದು ನಿಲ್ಲಿಸಿದರು. ಬೆಳಿಗ್ಗೆ ತುಂಬಿದ ಗಾಳಿ ಪೂರ್ತಿ ಇಳಿದಿತ್ತು.

“ಟ್ಯೂಬು ಹಳೇದು, ದಿನಕ್ಕೆ ಎರಡು ಸಲ ಬೇಕಾಗುತ್ತೆ,” ಎಂದರು. “ಬದುಕಿರೋವರೆಗೂ ಅಂದಿದ್ದೆ, ಅಲ್ವಾ? ಸ್ವಲ್ಪ ಗಟ್ಟಿಯಾಗೇ ಹಾಕಪ್ಪ.”

ಪಂಕ್ಚರಣ್ಣ ಎದ್ದು ಪೈಪು ಹಿಡಿದ.