ಊರು ಸುಡದ ಆಟ ಐತೇನ್ರಿ?

ನಲವತ್ತು ದಾಟಿದ ಮೇಲೂ ವಿಡಿಯೋ ಗೇಮ್ ಆಡುವ ಮನುಷ್ಯ ನಗೆಪಾಟಲಾಗಲು ಎಲ್ಲಿಗೂ ಹೋಗಬೇಕಾಗಿಲ್ಲ. ಮನೆ, ಅಂಗಡಿ, ರೈಲು, ಕೂತಲ್ಲೇ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಗೋಕಾಕದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು. ಹಗಲೆಲ್ಲ ಮಂದಿಗೆ ಟೈಪಿಂಗ್ ಕಲಿಸುತ್ತೇನೆ. ಬಿಡುವು ಸಿಕ್ಕರೆ ನನ್ನ ಹುಚ್ಚು ಒಂದೇ, ಪಾತ್ರ ಹಾಕಿ ಆಡುವ ಆಟಗಳು. ಪರದೆಯ ಮೇಲೆ ನಾವೇ ಒಬ್ಬ ಮನುಷ್ಯನಾಗಿ, ಅವನ ಊರಲ್ಲಿ ಓಡಾಡಿ, ಅವನ ಬದಲು ಮಾತಾಡಿ, ಅವನ ಬಾಳು ನಡೆಸಬೇಕು. ಆದರೆ ಹಾಳಾದವು ಎಲ್ಲವೂ ಒಂದೇ ಅಚ್ಚಿನವು. ಆಟ ಶುರುವಾಗುತ್ತಲೇ ಹೀರೋನ ಊರಿಗೆ ಬೆಂಕಿ ಬೀಳುತ್ತದೆ. ಗಡ್ಡದ ಮುದುಕನೊಬ್ಬ ಕತ್ತಿ ಕೊಟ್ಟು ಪ್ರಾಣ ಬಿಡುತ್ತಾನೆ. ಮೊದಲು ಇಲಿ ಕೊಲ್ಲು, ಆಮೇಲೆ ತೋಳ ಕೊಲ್ಲು, ಕೊನೆಗೆ ಕರಿ ಕೋಟೆಯ ರಾಕ್ಷಸನನ್ನು ಕೊಲ್ಲು. ಆಡಿ ಆಡಿ ಸಾಕಾಗಿ, ಬೇರೆ ಥರದ್ದು ಹುಡುಕಲು ಹೊರಟೆ. ಆಗ ಆದ ಫಜೀತಿಗಳಿವು.

ನೀರಿನ ಕೊಡ

ನನ್ನ ಹೆಂಡತಿ ಕೊಣ್ಣೂರಿನ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಒಂದು ದಿನ ಅರಿವೆ ಮಡಚುತ್ತ ನನ್ನ ಹಿಂದೆ ನಿಂತು ಪರದೆ ನೋಡಿದಳು.

"ಮತ್ತ ಊರು ಸುಟ್ಟಿತೇನ್ರಿ?"

"ಹೂಂ."

"ಹ್ವಾದ ತಿಂಗಳ ಸುಟ್ಟಿತ್ತಲ್ಲ?"

"ಅದು ಬ್ಯಾರೆ ಆಟ."

"ಇಷ್ಟ ಸಲ ಸುಟ್ಟರೂ ಒಬ್ಬರರ ಬಾಗಲದಾಗ ಒಂದು ಕೊಡ ನೀರು ಇಡಬಾರದೇನ್ರಿ ಆ ಮಂದಿ?"

ಹೀರೋ ಮನೆ ಬಿಟ್ಟು ಹೊರಡಲು ಒಂದು ಕಾರಣ ಬೇಕಲ್ಲ, ಅದಕ್ಕೇ ಊರು ಸುಡುತ್ತಾರೆ ಎಂದು ನಾನು ಆಟ ಕಟ್ಟಿದವರ ಪರವಾಗಿ ವಕೀಲಿ ಮಾಡಿದೆ.

"ಗಂಡಸರು ಮನಿ ಬಿಟ್ಟು ಹೋಗಾಕ ಊರು ಯಾಕ ಸುಡಬೇಕ್ರಿ?" ಅಂದಳು. "ನಿನ್ನೆ ಮೊಸರು ತರ್ತೇನಂತ ಹ್ವಾದವ್ರು ಬರೋದ್ರಾಗ ನಮ್ಮ ಊಟಾನ ಮುಗದಿತ್ತು."

ಸುಖ ದುಃಖ

ಮೂಡಲಗಿಯಲ್ಲಿ ಒಂದು ಅಂಗಡಿ ಇದೆ, ಹಳೇ ಗೇಮ್ ಡಿಸ್ಕು ಒಂದು ಡಬ್ಬಿಯ ತುಂಬ ಇಟ್ಟಿದ್ದಾರೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ಅಂಗಡಿಯವರು ನನ್ನ ವಯಸ್ಸಿನವರೇ.

"ಹೊಡದಾಟದ್ದು ಕೊಡ್ಲೇನ್ರಿ?"

"ಬ್ಯಾಡ್ರಿ."

"ಕಾರ್ ಓಡಸೂದು?"

"ಅದೂ ಬ್ಯಾಡ್ರಿ."

"ಮತ್ತ ಎಂಥಾದ್ದು ಬೇಕ್ರಿ ನಿಮಗ?"

ನಾನು ಹುರುಪಿನಿಂದ ವಿವರಿಸಿದೆ. "ಮಂದೀ ಸಂಗಾಟ ಮಾತಾಡಬೇಕ್ರಿ. ಅವರ ಸುಖಾ ದುಃಖಾ ಕೂತು ಕೇಳಬೇಕು. ನಾ ಏನು ಹೇಳ್ತೇನಿ ಅನ್ನೂದರ ಮ್ಯಾಲ ಅವರ ಮುಂದಿನ ಬಾಳೇ ನಡೀಬೇಕು. ಅಂಥಾದ್ದು."

ಅಂಗಡಿಯವರು ಕೈಯಲ್ಲಿದ್ದ ಡಬ್ಬಿ ಬದಿಗಿಟ್ಟರು. ಆಮೇಲೆ ಒಳಗಿನಿಂದ ಒಂದು ಸ್ಟೂಲು ತಂದಿಟ್ಟರು.

"ಕುಂದರ್ರಿ. ಚಾ ಹೇಳ್ತೇನಿ. ನಂದೂ ಭಾಳ ಹೇಳೂದೈತಿ."

ಅವರ ತಮ್ಮ ಬೇರೆಯಾದದ್ದು, ಹೊಸ ಮನೆಯ ಗೋಡೆ ಸೊಟ್ಟಗೆ ಎದ್ದದ್ದು, ನಡುವೆ ಬೆನ್ನುನೋವು, ಎಲ್ಲ ಕೇಳಿದೆ. ನಾನೂ ನಡುನಡುವೆ "ನೀವ ಮೊದಲ ತಮ್ಮಗ ಫೋನ್ ಹಚ್ಚರಿ" ಎಂದು ಸಲಹೆ ಕೊಟ್ಟೆ. ಚಹಾ ಮುಗಿದ ಮೇಲೆ ಅವರು ಡಬ್ಬಿಯ ತಳದಿಂದ ಧೂಳು ಹಿಡಿದ ಒಂದು ಡಿಸ್ಕು ತೆಗೆದರು. "ಇದನ್ನ ಯಾರೂ ಒಯ್ಯವಲ್ರು. ಇದರಾಗ ಬರೇ ಟಪಾಲ ಹಂಚೂದೈತಂತ."

ನನಗೆ ಹಿಗ್ಗೋ ಹಿಗ್ಗು. ಕತ್ತಿಯಿಲ್ಲ, ಬೆಂಕಿಯಿಲ್ಲ. ಗುಡ್ಡದ ಮೇಲಿನ ಒಂದು ಊರಿಗೆ ನಾವು ಟಪಾಲಿನವರು, ಅಷ್ಟೇ! ನಿಧಿ ಸಿಕ್ಕವನ ಹಾಗೆ ಅದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಅಂಗಡಿಯವರು ಕೂಗಿದರು: "ಸಾವಕಾರ್ರ, ಮುಂದಿನ ವಾರ ಬರ್ರಿ! ನಮ್ಮ ಅಳಿಯಂದು ಇನ್ನೂ ಹೇಳೇ ಇಲ್ಲ!"

ಹೇಳಿ ಹೋಗಬೇಕು

ಇನ್ನೊಂದು ಆಟದಲ್ಲಿ ನಾವು ಊರು ಬಿಟ್ಟು ಗುಡ್ಡ ದಾಟಿ ದೂರದ ಸಂತೆಗೆ ಹೋಗಬೇಕು. ಜೊತೆಗೆ ಯಾರನ್ನು ಕರೆದೊಯ್ಯುತ್ತೇವೋ ಅವರ ಮೇಲೆ ಕಥೆ ಬದಲಾಗುತ್ತದೆ. ನಾನು ಸೀದಾ ಊರ ಅಗಸಿ ಬಾಗಿಲತ್ತ ನಡೆದೆ. ನನ್ನ ಕುರ್ಚಿಯ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಿದಳು.

"ಎಲ್ಲಿ ಹೊಂಟೀಯೋ?"

"ಸಂತಿಗೆ, ಆಟದಾಗ."

"ಮಂದಿಗೆ ಹೇಳಿ ಬಂದೇನು?"

"ಹೇಳೂದೇನು ಬೇಕಾಗಿಲ್ಲಬೇ."

"ಊರು ಬಿಟ್ಟು ಹೊಂಟಾವ ಹೇಳದ ಹೆಂಗ ಹೋಗ್ತಿ? ತಿರುಗು ಹಿಂದಕ್ಕ."

ತಿರುಗಿದೆ. ಬಡಿಗೇರನಿಗೆ ಹೇಳಿದೆ, ಬಾವಿಕಟ್ಟೆಯ ಹೆಂಗಸರಿಗೆ ಹೇಳಿದೆ, ನಾಯಿ ಹಿಡಿದು ನಿಂತವನಿಗೆ ಹೇಳಿದೆ. ಉಳಿದದ್ದು ಊರ ತುದಿಯ ಮನೆಯ ಮುದುಕಿ. ಆಕೆ ಬಾಗಿಲು ತೆರೆಯುವುದೇ ಇಲ್ಲ, ಆ ಮನೆ ಬರೀ ತೋರಿಕೆಗೆ ಎಂದು ಇಂಟರ್ನೆಟ್ಟಿನಲ್ಲಿ ಆಟದ ಪಂಡಿತರೆಲ್ಲ ಬರೆದಿದ್ದರು.

"ಬಡಿ ಬಾಗಲಾ," ಅಂದಳು ಅವ್ವ.

"ತೆಗಿಯೂದಿಲ್ಲಬೇ ಆಕಿ."

"ಊರ ಮಂದಿಗೆಲ್ಲ ಹೇಳಿ ತನಗ ಅಷ್ಟ ಬಿಟ್ರ ಸಿಟ್ಟಾಗ್ತಾಳ. ಬಡಿ."

ಬಡಿದೆ. ಬಾಗಿಲು ಕಿರ್ ಎಂದು ತೆರೆಯಿತು! ಮುದುಕಿ ಹೊರಗೆ ಬಂದು, ನನಗೂ ಒಮ್ಮೆ ಗುಡ್ಡದಾಚೆ ನೋಡಬೇಕಿತ್ತು ಎಂದು ಕೋಲು ಹಿಡಿದು ನಮ್ಮ ಜೊತೆ ಹೊರಟೇಬಿಟ್ಟಳು. ಊರಲ್ಲಿ ಒಬ್ಬರನ್ನೂ ಬಿಡದೆ ಮಾತಾಡಿಸಿದವರಿಗೆ ಮಾತ್ರ ತೆರೆಯುವ ಬಾಗಿಲು ಅದು. ನಾನು ಕುರ್ಚಿಯಿಂದ ಜಿಗಿದು ಕುಣಿದೆ. ಆಟದ ಪಂಡಿತರಿಗೆ ಬರೆದು ತಿಳಿಸಿದೆ, ಎಲ್ಲಿಂದೆಲ್ಲಿಂದಲೋ ಶಭಾಷ್‌ಗಿರಿ ಬಂತು. "ಅವ್ವಾ, ಪರದೇಶದಾವ್ರು ನಿನ್ನ ಹೊಗಳಾಕತ್ತಾರ!" ಅಂದೆ.

ಅವ್ವನ ಚಿಂತೆ ಬೇರೆಯೇ ಇತ್ತು. "ಅದಿರಲಿ. ಮುದಿಕಿಗೆ ದಾರ್ಯಾಗ ಹಸಿವಾದೀತು, ಬುತ್ತಿ ಕಟ್ಟಿಸಿಕೊಂಡೀ ಇಲ್ಲೋ?"

ರೈಲಿನ ಪಂಚಾಯ್ತಿ

ಘಟಪ್ರಭಾದಲ್ಲಿ ರೈಲು ಹತ್ತಿ ಬೆಳಗಾವಿಗೆ ಹೊರಟಿದ್ದೆ. ಕಿಟಕಿಯ ಪಕ್ಕ ಕೂತು, ಕೈಯಲ್ಲಿ ಹಿಡಿದು ಆಡುವ ಗೇಮಿನ ಯಂತ್ರ ತೆಗೆದೆ. ಈ ಆಟದಲ್ಲಿ ನಾವು ಹಳ್ಳಿಯಲ್ಲಿ ನ್ಯಾಯ ಹೇಳುವ ಹಿರಿಯರು. ಒಂದು ಬಾವಿ ತನ್ನದು ಅನ್ನುತ್ತಾನೆ ಒಬ್ಬ ಮುದುಕ. ಅಲ್ಲ, ನನ್ನದು ಅನ್ನುತ್ತಾಳೆ ಗಂಡ ಸತ್ತ ಹೆಂಗಸು.

ಪಕ್ಕದಲ್ಲಿ ದೊಡ್ಡ ರುಮಾಲಿನ ಹಿರಿಯರೊಬ್ಬರು ಕೂತಿದ್ದರು. "ಏನ್ರಿ ಅದು?" ಅಂದರು. ಹೇಳಿದೆ.

"ಬಾವಿ ಯಾರ ತೋಡಿಸ್ಯಾರ?"

"ತಮ್ಮಪ್ಪ ಅಂತ ಮುದುಕ ಹೇಳ್ತಾನ್ರಿ."

ಎದುರಿನ ಸೀಟಿನಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಬಗ್ಗಿ ಪರದೆ ನೋಡಿದಳು. "ಅವನ ಮಾರಿ ನೋಡ್ರಿ. ಖರೆ ಹೇಳೋ ಮಾರಿ ಏನ್ರಿ ಅದು?"

"ಮಾರಿ ನೋಡಿ ನ್ಯಾಯ ಹೇಳಾಕ ಬರ್ತೈತೇನವಾ?" ಅಂದರು ಹಿರಿಯರು. ಅಷ್ಟರಲ್ಲಿ ನನ್ನ ಹೆಗಲ ಮೇಲೆ ಅತ್ತಿಂದಿತ್ತಿಂದ ಗದ್ದಗಳು ಬಂದು ಕೂತವು. ಅರ್ಧ ಡಬ್ಬಿ ಮುದುಕನ ಕಡೆ, ಅರ್ಧ ಹೆಂಗಸಿನ ಕಡೆ. ಕಾಲೇಜಿನ ಹುಡುಗಿಯೊಬ್ಬಳು, "ಇಬ್ಬರನೂ ಬ್ಯಾರೆ ಬ್ಯಾರೆ ಕರದು ಕೇಳ್ರಿ ಸರ್" ಅಂದಳು. ಹಾಗೇ ಮಾಡಿದೆ. ಬಾವಿಯ ಮೆಟ್ಟಿಲು ಯಾವ ದಿಕ್ಕಿಗಿವೆ ಎಂದರೆ ಮುದುಕ ತಪ್ಪು ಹೇಳಿ ಸಿಕ್ಕಿಬಿದ್ದ! ಬಾವಿ ಹೆಂಗಸಿಗೆ ಸೇರಿತು. ಡಬ್ಬಿಯೇ ಹಾರಿಹೋಗುವಂತೆ ಚಪ್ಪಾಳೆ.

ಜಗಳವಾಗಿದೆ ಎಂದುಕೊಂಡು ಟಿ.ಸಿ. ಓಡಿ ಬಂದರು. "ಏನ್ರಿ ಗದ್ಲ?"

"ಏನಿಲ್ರಿ ಸಾಹೇಬ್ರ, ಬಾವಿ ಆಕೀದು ಅಂತ ಆತು," ಅಂದು ಹಿರಿಯರು ಟಿಕೀಟು ಕೊಟ್ಟರು.

ಟಿ.ಸಿ. ಟಿಕೀಟು ನೋಡಿ, "ಅಜ್ಜಾರ, ನೀವು ಪಾಚ್ಛಾಪುರದಾಗ ಇಳೀಬೇಕಿತ್ತು. ಅದು ಯಾವಾಗೋ ಹೋತು" ಅಂದರು.

ಹಿರಿಯರು ಕದಲಲಿಲ್ಲ. "ಗೊತ್ತೈತ್ರಿ. ನ್ಯಾಯ ಅರ್ಧಕ್ಕ ಬಿಟ್ಟು ಹೆಂಗ ಇಳೀಲಿ?"

ಮಾಳಿಗೆ ಮೇಲಿನ ಕಾಕಾ

ಹುಡುಕಿದ್ದು ಸಾಕು, ನಾವೇ ಒಂದು ಕಟ್ಟೋಣ ಎಂದು ನಾನೂ ಫ್ಲೆಕ್ಸ್ ಬ್ಯಾನರಿಗೆ ಚಿತ್ರ ಮಾಡುವ ಗೆಳೆಯನೂ ಸೇರಿ ಒಂದು ಚಿಕ್ಕ ಆಟ ಕಟ್ಟಿದೆವು. ಲಗ್ನದ ಮನೆಯ ಆಟ. ಆಡುವವನು ಮನೆಯ ಹಿರಿಮಗ. ಅಡುಗೆಯವರನ್ನು ಸಂಭಾಳಿಸಬೇಕು, ಬೀಗರನ್ನು ನಗಿಸಬೇಕು. ಕೊನೆಯ ಎದುರಾಳಿ ರಾಕ್ಷಸನಲ್ಲ, ಮುನಿಸಿಕೊಂಡು ಮಾಳಿಗೆ ಹತ್ತಿ ಕೂತ ಕಾಕಾ. ಅವನನ್ನು ಊಟಕ್ಕೆ ಎಬ್ಬಿಸಿದರೆ ಗೆದ್ದಂತೆ.

ಇದು ನಮ್ಮ ಮನೆಯದೇ ಕಥೆ. ತಂಗಿಯ ಲಗ್ನ ಹತ್ತಿರ ಬಂದಿತ್ತು. ಅಪ್ಪನ ತಮ್ಮ, ಮಮದಾಪುರದ ನಮ್ಮ ಕಾಕಾನನ್ನು ನಿಶ್ಚಯದ ದಿನ ಯಾರೋ ಊಟದ ಎರಡನೇ ಪಂಕ್ತಿಗೆ ಕೂರಿಸಿಬಿಟ್ಟಿದ್ದರು. "ಲಗ್ನಕ್ಕ ನನ್ನ ಕರೀಬ್ಯಾಡ್ರಿ" ಎಂದು ಹೊರಟವನು ಅಪ್ಪ ಹೋಗಿ ಕರೆದರೂ ಜಗ್ಗಿರಲಿಲ್ಲ. ತಂಗಿಯನ್ನು ಸೈಕಲ್ಲಿನ ಮೇಲೆ ಸಾಲೆಗೆ ಬಿಟ್ಟು ಬೆಳೆಸಿದವನು ಅವನು. ಕಾಕಾ ಬರದಿದ್ದರೆ ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ನಿಲ್ಲುವುದಿಲ್ಲ ಎಂದು ಅವಳು ಅಳುತ್ತ ಕೂತಿದ್ದಳು.

ಒಂದು ಮಧ್ಯಾಹ್ನ ಕಾಕಾ ಸ್ವತಃ ನನ್ನ ಕ್ಲಾಸಿಗೆ ಬಂದ. "ನಿನ್ನ ಜೋಡಿ ಮಾತಿಲ್ಲ. ಫೋನ್ ಬಂದ್ ಬಿದ್ದೈತಿ, ಅಷ್ಟ ನೋಡು."

ನನ್ನ ಕಂಪ್ಯೂಟರಿನ ಮೇಲೆ ಆಟ ತೆರೆದೇ ಇತ್ತು. ಗೆಳೆಯ ಬರೆದ ಚಿತ್ರದಲ್ಲಿ ಆಟದ ಕಾಕಾನಿಗೂ ಅದೇ ಮೀಸೆ, ದಾರ ಕಟ್ಟಿದ ಅದೇ ಚಾಳೀಸು ಕನ್ನಡಕ. ನಾನು ಪರದೆಗೆ ಅಡ್ಡ ನಿಲ್ಲಲು ಹೋದೆ, ತಡವಾಗಿತ್ತು. ಕಾಕಾ ಪರದೆ ನೋಡಿದ. "ಯಾರಿವ?"

"ಮುನಿಸಿಕೊಂಡಾನ್ರಿ. ಎಬ್ಬಿಸಬೇಕು. ಯಾರ ಕಡೇನೂ ಆಗವಲ್ದು."

"ಬಾಜೂಕ ಸರಿ ನೀ," ಎಂದು ಕುರ್ಚಿ ಎಳೆದುಕೊಂಡ.

ಎಲ್ಲರೂ ಕಾಯುತ್ತಿದ್ದಾರೆ ಬನ್ನಿ ಎಂದು ಆಟದ ಹಿರಿಮಗನ ಬಾಯಿಂದ ಹೇಳಿಸಿದ. ಆಟದ ಕಾಕಾ ಗೋಡೆ ಕಡೆ ತಿರುಗಿದ. ಶಾಲು ಹೊದಿಸಿದ. ಅವನು ಕೊಡವಿ ಎಸೆದ. ತಪ್ಪಾಯಿತು ಅಂದ. ತಪ್ಪಾಯಿತು ಅಂದರೆ ಮುಗಿಯಿತೇ ಎಂದು ಅವನು ಗುರುಗುಟ್ಟಿದ. ನಮ್ಮ ಕಾಕಾ ಟೇಬಲ್ಲು ಗುದ್ದಿದ. "ಎಂಥಾ ಹಟಮಾರಿ ಇವ! ಮನಿ ಮಗಳ ಲಗ್ನ ಇಟಗೊಂಡು ಗ್ವಾಡಿ ನೋಡ್ಕೋತ ಕುಂತಾನಲ್ಲ, ಬುದ್ಧಿ ಬ್ಯಾಡೇನು?"

ಕಲಿಯಲು ಬಂದವರೆಲ್ಲ ಸುತ್ತ ನೆರೆದರು. ಕಾಕಾ ಮೀಸೆ ತಿರುವಿ ವಿಚಾರ ಮಾಡಿದ. ಮೊದಲ ಪಂಕ್ತಿಯ ಮೊದಲ ಎಲೆ ಖಾಲಿ ಇಡಿಸಿದ. ಆಮೇಲೆ ಮದುಮಗಳನ್ನೇ ಮಾಳಿಗೆಗೆ ಕಳಿಸಿದ. "ಕಾಕಾ, ಉಣ್ಣಾಕ ಬಾ. ನೀ ಬರೂತನಾ ನಾನೂ ಉಣ್ಣೂದಿಲ್ಲ," ಅಂದಳು ಅವಳು. ಆಟದ ಕಾಕಾ ಮೆಲ್ಲಗೆ ಎದ್ದ. ಬ್ಯಾಂಡು ಬಾರಿಸಿತು.

"ಎಬ್ಬಿಸಿದ್ನೋ!" ನಮ್ಮ ಕಾಕಾ ಎರಡೂ ಕೈ ಎತ್ತಿ ನಿಂತುಬಿಟ್ಟ. ಚಾಳೀಸು ತೆಗೆದು ಒರೆಸಿಕೊಂಡ. ಒರೆಸಿದ್ದು ಗಾಜನ್ನಲ್ಲ, ಕಣ್ಣನ್ನು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: "ಇಂಥಾವ ಒಬ್ಬ ಎಲ್ಲಾ ಲಗ್ನದಾಗೂ ಇರ್ತಾನ. ನಾ ಇಲ್ಲದಿದ್ರ ಅವನ್ನ ಎಬ್ಬಿಸವ್ರು ಯಾರು? ಬರ್ತೇನಿ."

ಬಂದ. ತಂಗಿ ಅವನ ಕೊರಳಿಗೆ ಬಿದ್ದು ಅತ್ತಳು, ನಕ್ಕಳು. ಅಕ್ಕಿಕಾಳು ಬಿದ್ದವು. ಮೊದಲ ಪಂಕ್ತಿಯ ಮೊದಲ ಎಲೆಯನ್ನು ಅಪ್ಪ ಅವನಿಗೇ ಕಾದಿಟ್ಟಿದ್ದ. ಆದರೆ ಕಾಕಾ ಕೂರಲೊಲ್ಲ! ಮಂಟಪದ ತುಂಬ ಕಣ್ಣಾಡಿಸುತ್ತಿದ್ದ. ಮೂಲೆಯಲ್ಲಿ ಗೋಡೆಯತ್ತ ಮುಖ ಮಾಡಿ ನನ್ನ ಮಾವನವರು ಕೂತಿದ್ದರು. ನನ್ನ ಹೆಂಡತಿಯ ತಂದೆ, ಹುಕ್ಕೇರಿಯವರು, ಜನ್ಮದಲ್ಲಿ ಯಾರ ಮೇಲೂ ಸಿಟ್ಟಾದವರಲ್ಲ.

"ಸಿಕ್ಕಾ!" ಅಂದ ಕಾಕಾ.

ಶಾಲು ಹೊದಿಸಿದ. ಮಾವನವರು ಬೇಡವೆಂದು ತಲೆಯಾಡಿಸಿದರು. ಕೈ ಮುಗಿದು ತಪ್ಪಾಯಿತು ಅಂದ. ಅವರು ಬೆದರಿ ಇನ್ನಷ್ಟು ಗೋಡೆಗೆ ಸರಿದರು. ಕೊನೆಗೆ ಮದುಮಗಳನ್ನೇ ಕರೆದುಕೊಂಡು ಬಂದ. ಮಾವನವರು ಎದ್ದರು. ಕಾಕಾ ಅವರನ್ನು ತನ್ನ ಎಲೆಯ ಮುಂದೆ ಕೂರಿಸಿ, ಕೈಯಾರೆ ಸಿಹಿ ಮಾದಲಿ ಬಡಿಸಿ, ತುಪ್ಪ ಸುರಿದು, ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ. "ನಿನ್ನ ಆಟದಾಗಿನವಗಿಂತಾ ಇವ ಭಾಳ ಘಟ್ಟಿ. ಆದ್ರೂ ಬಿಡಲಿಲ್ಲ ನೋಡು!"

ನಾನು ಬಡಿಸುವ ನೆಪದಲ್ಲಿ ಮಾವನವರ ಬಳಿ ಬಗ್ಗಿದೆ. ಅವರು ಕೆನ್ನೆ ಹಿಡಿದುಕೊಂಡು ಪಿಸುಗುಟ್ಟಿದರು:

"ಅಳಿಯಂದ್ರ, ನನಗ ಬರೇ ಹಲ್ಲು ನೋಯಾಕತ್ತಿತ್ರಿ."