ಯಾವ ಊರಿನ ಒಂದನೇ ನಂಬರ್?

ಒಂದನೇ ನಂಬರ್ ಆಗಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದ ಇದೆ. ಶಾಲೆಯಲ್ಲಿ ಆಗಲಿಲ್ಲ, ಮದುವೆಯಾದ ಮೇಲೂ ಆಗಲಿಲ್ಲ. ಜವಳಗೇರಾದ ಮಾವನ ಮನೆಯಲ್ಲಿ ಲಿಂಗಸುಗೂರಿನ ಷಡ್ಡಕ ಮೊದಲು, ಮಸ್ಕಿಯ ಷಡ್ಡಕ ಆಮೇಲೆ, ನಾನು ಮೂರನೆಯವನು. ಹೋಳಿಗೆಯ ತುಪ್ಪ ನನ್ನ ತಟ್ಟೆಗೆ ಬರುವಷ್ಟರಲ್ಲಿ ಪಾತ್ರೆಯ ತಳ ಕೆರೆಯುವ ಸಪ್ಪಳ ಶುರುವಾಗಿರುತ್ತದೆ. ಇಂಥವನು ನೋಡಿಕೊಳ್ಳುವ ಕಂಪ್ಯೂಟರಿನಲ್ಲಿ ಕಂಡಕಂಡವರೆಲ್ಲ ಒಂದನೇ ನಂಬರ್ ಎಂದು ಮೆರೆದರೆ ಹೊಟ್ಟೆ ಉರಿಯುವುದಿಲ್ಲವೇ?

ನನ್ನ ನೌಕರಿ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ. ಲಿಂಗಸುಗೂರು, ಮಸ್ಕಿಗಳಲ್ಲೂ ನಮ್ಮ ಮಾಲೀಕರ ತೂಕದ ಕಾಟಾಗಳಿವೆ. ಮೂರಕ್ಕೂ ಕಂಪ್ಯೂಟರ್ ಒಂದೇ. ಅದರೊಳಗೆ ಲಿಂಗಸುಗೂರಿಗೆ ಒಂದು ಕಂಟೇನರ್ ಮಾಡಿದೆ, ಅಂದರೆ ಒಂದೇ ಮನೆಯಲ್ಲಿ ಬೇರೆ ಸಂಸಾರ ಹೂಡಿದ ಹಾಗೆ. ಮಸ್ಕಿಯನ್ನು ಆ ಲಿಂಗಸುಗೂರಿನ ಹೊಟ್ಟೆಯೊಳಗೇ ಇನ್ನೊಂದು ಕಂಟೇನರ್ ಮಾಡಿ ತುರುಕಿದೆ. ಭೂಗೋಳದ ಮೇಷ್ಟ್ರು ನೋಡಿದ್ದರೆ ಕಿವಿ ಹಿಂಡುತ್ತಿದ್ದರು. ಕಂಪ್ಯೂಟರಿನಲ್ಲಿ ನಡೆಯುವ ಪ್ರತಿ ಕೆಲಸಕ್ಕೂ ಒಂದು ನಂಬರ್ ಇರುತ್ತದೆ. ಆದರೆ ಕಂಟೇನರಿನೊಳಗೆ ಮೊದಲು ಎದ್ದ ಕೆಲಸ ತನ್ನನ್ನೇ ಒಂದನೇ ನಂಬರ್ ಎಂದುಕೊಳ್ಳುತ್ತದೆ. ಮಸ್ಕಿಯ ಒಂದು ಲಿಂಗಸುಗೂರಿನ ಕಣ್ಣಿಗೆ ಮೂವತ್ತೇಳು, ಸಿಂಧನೂರಿನ ಕಣ್ಣಿಗೆ ನಾಲ್ಕು ಸಾವಿರದ ಚಿಲ್ಲರೆ! ಇಂಥ ಒಂದನೇ ನಂಬರನ್ನು ಹೊರಗಿನಿಂದ ನಿಲ್ಲಿಸಿದರೆ ಅದರ ಕಂಟೇನರಿನಲ್ಲಿದ್ದ ಮನೆಮಂದಿಯೆಲ್ಲ ಜೊತೆಗೇ ಹೋಗುತ್ತಾರೆ.

ಮೊನ್ನೆ ಸುಗ್ಗಿಯ ಗದ್ದಲದಲ್ಲಿ ಮಸ್ಕಿಯ ಕಾಟಾ ನೋಡುವ ಶರಣಪ್ಪ ಫೋನು ಮಾಡಿದ. "ಸರ, ಕಾಟಾ ನಿಂತೈತ್ರಿ! ಟ್ರ್ಯಾಕ್ಟರಿನವ್ರು ನನ್ನ ಹರಕೊಂಡು ತಿನ್ನಾಕತ್ತಾರ. ಒಂದನೇ ನಂಬರ್ ಜಾಮ್ ಆಗ್ಯಾನ, ಮುಗಿಸಿಬಿಡ್ರಿ ಅವನ್ನ!"

ಕೈತಪ್ಪಿ ಲಿಂಗಸುಗೂರಿನ ಒಂದನ್ನು ಮುಟ್ಟಿದರೆ ಎರಡು ಊರಿನ ಕಾಟಾ ಬಂದ್. ಆಮೇಲೆ ಮಾಲೀಕರು ನನ್ನನ್ನೂ ಬಂದ್ ಮಾಡುತ್ತಾರೆ. ಹೆದರಿಕೆಗೆ ದನಿ ಏರಿತು. "ಯಾವ ಊರಿನ ಒಂದನೇ ನಂಬರ್ ಲೇ? ತಪ್ಪಿದ್ರ ಅವನ ಹಿಂದಿನವ್ರೆಲ್ಲ ಒಮ್ಮಿಗೇ ಹೋಗ್ತಾರ!" ಪುಣ್ಯಕ್ಕೆ ಕಂಪ್ಯೂಟರಿನ ಹಿರಿಯನಾದ, ಕೆಲಸಗಳನ್ನೆಲ್ಲ ಆಳುವ ಮೂಲ ತಂತ್ರಾಂಶ ಕರ್ನಲ್‌ಗೆ ಎಲ್ಲರ ಎಲ್ಲ ನಂಬರೂ ಗೊತ್ತು. ಕೇಳಿದೆ, ಮಸ್ಕಿಯವನ ಮೂರು ನಂಬರೂ ಒಂದೇ ಸಾಲಿನಲ್ಲಿ ತೋರಿಸಿತು. "ಸಿಕ್ಕ! ಈಗ ಮುಗಿಸ್ತೀನಿ ನೋಡು ಒಂದನೇ ನಂಬರ್‌ನ!" ಎಂದು ಕೂಗಿ ಗುಂಡಿ ಒತ್ತಿದೆ. ಸತ್ತ ಮಸ್ಕಿಯ ಕಂಟೇನರನ್ನು ಲಿಂಗಸುಗೂರಿನದು ತಾನಾಗಿಯೇ ಮತ್ತೆ ಎಬ್ಬಿಸಿತು, ಮಸ್ಕಿಯ ಕಾಟಾ ಹೊಸದಾಗಿ ಓಡತೊಡಗಿತು.

ಗೆದ್ದ ಖುಷಿಯಲ್ಲಿ ತಲೆ ಎತ್ತಿದರೆ ಕಿಟಕಿಯಾಚೆ ಭತ್ತದ ಟ್ರ್ಯಾಕ್ಟರುಗಳ ಸಾಲು. ಸಾಲಿನ ಒಂದನೇ ನಂಬರ್ ಚೀಟಿ ಹಿಡಿದು, ಸರಳಿಗೆ ಮುಖ ಆನಿಸಿ ನಿಂತಿದ್ದವರು ನಮ್ಮ ಮಾವ.

"ಅಳಿಯಾರ, ತುಪ್ಪ ಕಡಿಮಿ ಬಿತ್ತಂತ ಇಷ್ಟು ಸಿಟ್ಟೇನ್ರೀ?"

"ನೀವಲ್ರೀ ಮಾವಾರ! ಅವ ಮಸ್ಕಿಯವ. ಲಿಂಗಸುಗೂರಿನ ಹೊಟ್ಯಾಗ ಅದಾನ."

ಈ ವಿವರಣೆಯಿಂದ ಕೆಲಸ ಇನ್ನಷ್ಟು ಕೆಟ್ಟಿತು. ಮಾವ ಚೀಟಿಯನ್ನು ಹಿಂದಿನವನಿಗೆ ಕೊಡಹೋದರು. "ಬ್ಯಾಡ್ರೀ ಯಜಮಾನ್ರ, ನನಗೂ ಹೆಂಡ್ರು ಮಕ್ಕಳದಾರ" ಎಂದು ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ಕೊನೆಗೆ ಮಾವ ಟ್ರ್ಯಾಕ್ಟರನ್ನೇ ತಿರುಗಿಸಿ ಸಾಲಿನ ಬಾಲಕ್ಕೆ ಒಯ್ದು ನಿಲ್ಲಿಸಿ, ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿದರು. "ನಿನ್ನ ಗಂಡ ಒಂದನೇ ನಂಬರ್ ಹುಚ್ಚ ಅದಾನವಾ."

ಸಂಜೆಯೊಳಗೆ ಸುದ್ದಿ ಲಿಂಗಸುಗೂರಿನ ಷಡ್ಡಕನಿಗೂ ಮಸ್ಕಿಯ ಷಡ್ಡಕನಿಗೂ ಮುಟ್ಟಿತು. ಕಡೆಗೂ ನನಗೊಂದು ನಂಬರ್ ಸಿಕ್ಕಿದೆ; ಮೂರರಲ್ಲಿ ಯಾವ ಊರಿನಿಂದ ನೋಡಿದರೂ ಅದು ಒಂದೇ.